ಎಂಡೋಸ್ಕೋಪ್ ಮೂಲಕ ಹೊಲಿಯುವ ಸಾಧನಗಳ ವಿನ್ಯಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಅನ್ನನಾಳ, ಜಠರ ಮತ್ತು ಕರುಳುಗಳ ಗೋಡೆಯಲ್ಲಿ ಉಂಟಾದ ತೂತು, ಸೀಳು, ಸೋರಿಕೆಗಳನ್ನು ಹೊಟ್ಟೆ ಕೊಯ್ಯದೆ, ಎಂಡೋಸ್ಕೋಪ್ ಎಂಬ ಕ್ಯಾಮೆರಾವುಳ್ಳ ಬಾಗುವ ಕೊಳವೆಯ ಮೂಲಕ ಒಳಗಿನಿಂದಲೇ ಹೊಲಿದು ಮುಚ್ಚುವ ಸಾಧನಗಳ ಬಗ್ಗೆ, ಅವುಗಳನ್ನು ರೂಪಿಸಲು ಹೊರಟ ಎಂಜಿನಿಯರುಗಳೂ ಬಳಸುವ ವೈದ್ಯರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಉತ್ತರಗಳ ಉದ್ದ ಒಂದೇ ಸಮನಾಗಿಲ್ಲ. ಹೊಲಿಗೆ ನಿಲ್ಲುವುದೋ ಬಿಟ್ಟುಹೋಗುವುದೋ ಎಂಬುದು ಯಾವ ಪ್ರಶ್ನೆಗಳಲ್ಲಿ ನಿರ್ಧಾರವಾಗುತ್ತದೆಯೋ ಅವುಗಳಿಗೆ ಹೆಚ್ಚು ಜಾಗ ಕೊಡಲಾಗಿದೆ.

ಇಂಥ ಸಾಧನ ಯಾವ ಸಂದರ್ಭಗಳಲ್ಲಿ ಬೇಕಾಗುತ್ತದೆ?

ಗಾಯಗಳು ಮುಖ್ಯವಾಗಿ ಮೂರು ಬಗೆಯವು, ಮತ್ತು ಸಾಧನದ ಮುಂದೆ ಈ ಮೂರೂ ಇಡುವ ಬೇಡಿಕೆಗಳು ಬೇರೆ ಬೇರೆ. ಎಂಡೋಸ್ಕೋಪಿ ನಡೆಯುವಾಗ ಆಕಸ್ಮಿಕವಾಗಿ ಬೀಳುವ ತೂತು ಮೊದಲನೆಯದು. ಇಲ್ಲಿ ಅಂಗಾಂಶ ಆರೋಗ್ಯವಾಗಿರುತ್ತದೆ, ಆದರೆ ಸಮಯ ಕಡಿಮೆ. ಗೆಡ್ಡೆಯನ್ನು ಬಿಡಿಸಿ ತೆಗೆಯುವಾಗ ಅಥವಾ ಗೋಡೆಯ ಪೂರ್ತಿ ದಪ್ಪವನ್ನೇ ಕತ್ತರಿಸಿ ತೆಗೆಯುವಾಗ ವೈದ್ಯರು ತಿಳಿದೇ ಮಾಡುವ ಗಾಯ ಎರಡನೆಯದು. ಇದರ ಅಳತೆ ಮೊದಲೇ ಗೊತ್ತಿರುವುದರಿಂದ ಮುಚ್ಚುವ ಕ್ರಮವನ್ನೂ ಮೊದಲೇ ಯೋಜಿಸಬಹುದು. ಶಸ್ತ್ರಚಿಕಿತ್ಸೆಯ ನಂತರ ಕೂಡುಜಾಗದಲ್ಲಿ ಆಗುವ ಸೋರಿಕೆ ಮತ್ತು ಬಹುಕಾಲ ಉಳಿದುಬಿಟ್ಟ ಫಿಸ್ಟುಲಾ (ಗೋಡೆಯಲ್ಲಿ ಉಂಟಾಗಿ ಮುಚ್ಚದೆ ಉಳಿದ ಅಸಹಜ ದಾರಿ) ಮೂರನೆಯ ಬಗೆ. ಇವುಗಳ ಅಂಚು ಗಡುಸಾಗಿ, ಕಲೆಗಟ್ಟಿ, ರಕ್ತಸಂಚಾರ ಕುಂದಿ ಹೋಗಿರುವುದರಿಂದ ಅತ್ಯಂತ ಕಷ್ಟದ ಕೆಲಸ ಇದೇ. ಇವಲ್ಲದೆ, ಲೋಹದ ಸ್ಟೆಂಟ್ ಜಾರಿಹೋಗದಂತೆ ಗೋಡೆಗೆ ಹೊಲಿದು ನಿಲ್ಲಿಸುವುದಕ್ಕೂ ಇದೇ ಸಾಧನಗಳು ಬಳಕೆಯಲ್ಲಿವೆ.

ಈ ಕ್ಷೇತ್ರಕ್ಕೆ ವೇಗ ಬಂದದ್ದು 2004ರ ನಂತರ. ಆ ವರ್ಷ ಆಂಥೋನಿ ಕಲ್ಲೂ ಮತ್ತು ಸಂಗಡಿಗರು ಹಂದಿಗಳಲ್ಲಿ ಬಾಯಿಯ ಮೂಲಕ ಜಠರವನ್ನು ತಲುಪಿ, ಅದರ ಗೋಡೆಯನ್ನು ದಾಟಿ ಹೊಟ್ಟೆಯ ಕುಹರವನ್ನು ಪರೀಕ್ಷಿಸಿದ ಪ್ರಯೋಗವನ್ನು ಪ್ರಕಟಿಸಿದರು. ಒಳಹೋಗುವುದು ಸಾಧ್ಯವೆಂದು ಖಚಿತವಾದ ಕೂಡಲೇ, ಹೊರಬರುವಾಗ ಆ ದಾರಿಯನ್ನು ನಂಬಿಕೆಯಿಂದ ಮುಚ್ಚುವುದು ಹೇಗೆ ಎಂಬ ಪ್ರಶ್ನೆ ಎಲ್ಲರ ಮುಂದೆ ನಿಂತಿತು. ಆ ಬಗೆಯ ಶಸ್ತ್ರಚಿಕಿತ್ಸೆ ನಿರೀಕ್ಷಿಸಿದಷ್ಟು ಹರಡದಿದ್ದರೂ, ಮುಚ್ಚುವ ಪ್ರಶ್ನೆಗೆ ಹುಡುಕಿದ ಉತ್ತರಗಳು ಉಳಿದುಕೊಂಡು ಬೆಳೆದವು.

ಕ್ಲಿಪ್‌ಗಳು ಇರುವಾಗ ಹೊಲಿಗೆಯೇ ಏಕೆ?

ಸಣ್ಣ ತೂತಿಗೆ ಕ್ಲಿಪ್ಪೇ ಸರಿ. ಅಲ್ಲಿ ಹೊಲಿಗೆಯ ಸಾಧನ ತಂದು ಸಮಯ ಕಳೆಯುವ ಅಗತ್ಯವಿಲ್ಲ. ಎಂಡೋಸ್ಕೋಪಿನ ಚಾನೆಲ್ (ಸಾಧನಗಳನ್ನು ಕಳಿಸುವ ಒಳನಾಳ) ಮೂಲಕ ಹೋಗುವ ಕ್ಲಿಪ್ 10 ಮಿ.ಮೀ. ಒಳಗಿನ ತೂತುಗಳಿಗೆ ಸಾಮಾನ್ಯವಾಗಿ ಸಾಕಾಗುತ್ತದೆ. ಅದಕ್ಕಿಂತ ದೊಡ್ಡದಾದಾಗ ಜರ್ಮನಿಯ ಟ್ಯೂಬಿಂಗನ್‌ನ ಓವೆಸ್ಕೋ ಕಂಪನಿ ರೂಪಿಸಿದ, ಎಂಡೋಸ್ಕೋಪಿನ ತುದಿಯ ಮೇಲೆ ಕೂರುವ ನಿಟಿನಾಲ್ (ನಿಕ್ಕಲ್-ಟೈಟೇನಿಯಂ ಮಿಶ್ರಲೋಹ) ಕ್ಲಿಪ್ ಉಪಯೋಗಕ್ಕೆ ಬರುತ್ತದೆ. ಅದು ಅಂಗಾಂಶವನ್ನು ತುದಿಗೆ ತೊಡಿಸಿದ ಟೊಪ್ಪಿಯೊಳಗೆ ಎಳೆದುಕೊಂಡು ಹಲ್ಲುಗಳಿಂದ ಕಚ್ಚಿ ಹಿಡಿಯುತ್ತದೆ. ಆದರೆ ಕ್ಲಿಪ್ಪಿನ ಬಾಯಿ ಎಷ್ಟು ಅಗಲವೋ ಅಷ್ಟೇ ಅದರ ಹಿಡಿತ. ಅಂಚುಗಳು 3 ಅಥವಾ 4 ಸೆಂ.ಮೀ. ದೂರವಾದಾಗ, ಒಂದು ಅಂಚನ್ನು ಹಿಡಿದರೆ ಇನ್ನೊಂದು ಕೈಗೆ ಸಿಗುವುದಿಲ್ಲ. ಹೊಲಿಗೆಯ ಗುಣ ಇರುವುದು ಇಲ್ಲೇ: ನೂಲನ್ನು ಮೊದಲು ಎರಡೂ ಅಂಚುಗಳಲ್ಲಿ ಹಾಯಿಸಿಟ್ಟು, ಆಮೇಲೆ ಎಳೆದು ಅವುಗಳನ್ನು ನಿಧಾನವಾಗಿ ಹತ್ತಿರ ತರಬಹುದು. ಹಿಡಿಯುವ ಕೆಲಸವೂ ಸೇರಿಸುವ ಕೆಲಸವೂ ಬೇರೆ ಬೇರೆ ಕ್ಷಣಗಳಲ್ಲಿ ನಡೆಯುವುದರಿಂದ ಗಾಯದ ಅಗಲ ಮೊದಲಿನಷ್ಟು ಅಡ್ಡಿಯಾಗುವುದಿಲ್ಲ.

ಹೊಲಿಗೆ ಯಾವ ಪದರವನ್ನು ಹಿಡಿಯಬೇಕು?

ವಿನ್ಯಾಸವನ್ನು ಆರಂಭಿಸಬೇಕಾದದ್ದು ಈ ಪ್ರಶ್ನೆಯಿಂದ. ಹಿಡಿಯ ಆಕಾರ, ತಂತಿಯ ದಪ್ಪ, ಗುಂಡಿಗಳ ಜಾಗ ಇವೆಲ್ಲ ಇದರ ನಂತರ ಬರಬೇಕು.

ಜಠರ ಮತ್ತು ಕರುಳಿನ ಗೋಡೆಯಲ್ಲಿ ಒಳಗಿನಿಂದ ಹೊರಕ್ಕೆ ಲೋಳೆಪೊರೆ, ಅದರಡಿಯ ಸಬ್‌ಮ್ಯೂಕೋಸಾ, ಸ್ನಾಯು ಪದರ ಮತ್ತು ಹೊರಗಿನ ಸೀರೋಸಾ ಎಂಬ ನಾಲ್ಕು ಪದರಗಳಿವೆ. ಅನ್ನನಾಳದ ಬಹುಭಾಗಕ್ಕೆ ಸೀರೋಸಾ ಇಲ್ಲ, ಅದು ಅಲ್ಲಿನ ಹೊಲಿಗೆಯನ್ನು ಇನ್ನಷ್ಟು ನಾಜೂಕಾಗಿಸುತ್ತದೆ. ಈ ಪದರಗಳಲ್ಲಿ ನೂಲನ್ನು ಬಿಡದೆ ಹಿಡಿದುಕೊಳ್ಳುವುದು ಕೊಲ್ಯಾಜನ್ ನಾರುಗಳು ದಟ್ಟವಾಗಿ ಹೆಣೆದುಕೊಂಡಿರುವ ಸಬ್‌ಮ್ಯೂಕೋಸಾ. ವಿಲಿಯಂ ಹಾಲ್‌ಸ್ಟೆಡ್ 1887ರಲ್ಲಿಯೇ ಕರುಳಿನ ಹೊಲಿಗೆಯ ಮೇಲಿನ ಪ್ರಯೋಗಗಳಿಂದ ಇದನ್ನು ತೋರಿಸಿಕೊಟ್ಟಿದ್ದರು. ಅದಕ್ಕೂ ಮುಂಚೆ, 1826ರಲ್ಲಿ, ಆಂಟ್ವಾನ್ ಲಾಂಬೇರ್ ಸೀರೋಸಾಕ್ಕೆ ಸೀರೋಸಾ ತಾಗುವಂತೆ ಹೊಲಿದರೆ ಕರುಳು ಚೆನ್ನಾಗಿ ಕೂಡಿಕೊಳ್ಳುತ್ತದೆ ಎಂಬುದನ್ನು ತಿಳಿಸಿದ್ದರು. ಗಾಯವಿಲ್ಲದ ಲೋಳೆಪೊರೆಗೆ ಲೋಳೆಪೊರೆ ತಾಗಿದರೆ ಅವು ಬೆಸೆದುಕೊಳ್ಳುವುದಿಲ್ಲ; ನೂಲು ಇರುವಷ್ಟು ದಿನ ಜೊತೆಗಿದ್ದು, ನೂಲು ಹೋದ ಮೇಲೆ ದೂರವಾಗುತ್ತವೆ.

ಈ ಎರಡು ಹಳೆಯ ತಿಳಿವಳಿಕೆಗಳನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಎಂಡೋಸ್ಕೋಪಿಕ್ ಹೊಲಿಗೆಯ ಮೊದಲ ಅಧ್ಯಾಯವೇ ಉದಾಹರಣೆ. ಲಂಡನ್ನಿನ ಪಾಲ್ ಸ್ವೇನ್ ಮತ್ತು ಸಂಗಡಿಗರು 1986ರಲ್ಲಿ ಎಂಡೋಸ್ಕೋಪಿನ ತುದಿಗೆ ಹೊಂದುವ ಪುಟ್ಟ ಹೊಲಿಗೆ ಯಂತ್ರವೊಂದನ್ನು ಪ್ರಕಟಿಸಿದರು. ಅದು ನಿಜಕ್ಕೂ ದಾರಿ ತೆರೆದ ಕೆಲಸ. ಅದರಿಂದ ಬೆಳೆದ ಎಂಡೋಸಿಂಚ್ ಸಾಧನ 2000ದಲ್ಲಿ ಆಮ್ಲ ಹಿಮ್ಮುಖವಾಗಿ ಹರಿಯುವ ತೊಂದರೆಯ ಚಿಕಿತ್ಸೆಗಾಗಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂತು. ಅಂಗಾಂಶವನ್ನು ಹೀರಿಕೊಂಡು ಅದರ ಮೂಲಕ ನೇರ ಸೂಜಿ ಹಾಯಿಸುವುದು ಅದರ ರೀತಿ. ಹೀರಿದಾಗ ಸಾಧನದ ಕುಳಿಯೊಳಗೆ ಎಷ್ಟು ಆಳದ ಅಂಗಾಂಶ ಬಂತೆಂಬುದು ಪ್ರತಿ ಸಲವೂ ಬೇರೆಯಾಗುತ್ತಿತ್ತು, ಬಹಳಷ್ಟು ಹೊಲಿಗೆಗಳು ಮೇಲ್ಪದರದಲ್ಲೇ ನಿಂತವು, ಮತ್ತು ತಿಂಗಳುಗಳ ನಂತರ ನೋಡಿದಾಗ ಅನೇಕ ರೋಗಿಗಳಲ್ಲಿ ಅವು ಕಳಚಿಹೋಗಿದ್ದವು. ಹೊಲಿದ ದಿನ ತೆಗೆದ ಚಿತ್ರದಲ್ಲಿ ಎಲ್ಲವೂ ಅಚ್ಚುಕಟ್ಟಾಗಿಯೇ ಕಾಣುತ್ತಿತ್ತು ಎಂಬುದನ್ನು ವಿನ್ಯಾಸಕರು ಮರೆಯಬಾರದು.

ಸೂಜಿ ಬಾಗಿರಬೇಕೇ, ನೇರವಿರಬೇಕೇ? ಆಳವನ್ನು ಹೇಗೆ ನಿರ್ಧರಿಸುವುದು?

ಎರಡೂ ಬಗೆಗಳು ಇವೆ. ನೇರ ಸೂಜಿಯನ್ನು ಚಾನೆಲ್ ಮೂಲಕ ಕಳಿಸುವುದು ಸುಲಭ, ಆದರೆ ಗೋಡೆಯನ್ನು ದಾಟಿದ ಮೇಲೆ ಅದರ ಮೊನೆ ಎಲ್ಲಿದೆ ಎಂಬುದು ಕಾಣುವುದಿಲ್ಲ. ಬಾಗಿದ ಸೂಜಿ ಒಂದು ಕಡೆ ಒಳಹೊಕ್ಕು ಇನ್ನೊಂದು ಕಡೆ ಕಣ್ಣೆದುರೇ ಹೊರಬರುತ್ತದೆ. ಇಂದು ಹೆಚ್ಚು ಬಳಕೆಯಲ್ಲಿರುವ ಓವರ್‌ಸ್ಟಿಚ್ ಸಾಧನದಲ್ಲಿ ಬಾಗಿದ ಸೂಜಿತೋಳೊಂದು ಕಮಾನಿನಂತೆ ಚಲಿಸಿ, ಚಾನೆಲ್ ಮೂಲಕ ಬಂದಿರುವ ಕ್ಯಾತಿಟರ್ ಎಂಬ ತೆಳು ಕೊಳವೆಗೆ ಸೂಜಿಯ ಮೊನೆಯನ್ನು ಒಪ್ಪಿಸುತ್ತದೆ. ಅದನ್ನು ಅಭಿವೃದ್ಧಿಪಡಿಸಿದ ಅಪೊಲೊ ಎಂಡೋಸರ್ಜರಿ 2023ರಲ್ಲಿ ಬೋಸ್ಟನ್ ಸೈಂಟಿಫಿಕ್ ಕಂಪನಿಯ ಪಾಲಾಯಿತು.

ಬಾಗಿದ ಸೂಜಿಯ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡುವುದು ಒಳ್ಳೆಯದು. ಸೂಜಿ 6 ಮಿ.ಮೀ. ತ್ರಿಜ್ಯದ ವೃತ್ತದ ಮೇಲೆ ತಿರುಗುತ್ತದೆ ಎಂದುಕೊಳ್ಳೋಣ. ತಿರುಗುವ ಕೇಂದ್ರ ಅಂಗಾಂಶದ ಮೇಲ್ಮೈಯಿಂದ 2 ಮಿ.ಮೀ. ಎತ್ತರದಲ್ಲಿದ್ದರೆ ಸೂಜಿ 4 ಮಿ.ಮೀ. ಆಳಕ್ಕೆ ಇಳಿಯುತ್ತದೆ, ಅದು ಹೊಕ್ಕ ಜಾಗಕ್ಕೂ ಹೊರಬಂದ ಜಾಗಕ್ಕೂ ನಡುವಿನ ಅಂತರ ಸುಮಾರು 11.3 ಮಿ.ಮೀ. ಈಗ ಕೇಂದ್ರ ಇನ್ನೂ 2 ಮಿ.ಮೀ. ಮೇಲೆ ಸರಿದರೆ ಆಳ 4ರಿಂದ 2 ಮಿ.ಮೀ.ಗೆ ಇಳಿಯುತ್ತದೆ, ಆದರೆ ಅಂತರ 8.9 ಮಿ.ಮೀ. ಇದ್ದೇ ಇರುತ್ತದೆ. ಅಂದರೆ ಆಳ ಅರ್ಧವಾಗಿ ಹೋದರೂ ಕ್ಯಾಮೆರಾದಲ್ಲಿ ಕಾಣುವ ಅಗಲ ಐದನೇ ಒಂದು ಭಾಗದಷ್ಟು ಮಾತ್ರ ಕುಗ್ಗಿರುತ್ತದೆ. ವೈದ್ಯರ ಕಣ್ಣಿಗೆ ಎರಡೂ ಹೊಲಿಗೆಗಳು ಹೆಚ್ಚುಕಡಿಮೆ ಒಂದೇ. ಒಂದು ಸಬ್‌ಮ್ಯೂಕೋಸಾವನ್ನು ದಾಟಿ ಸ್ನಾಯುವನ್ನು ಹಿಡಿದಿದ್ದರೆ ಇನ್ನೊಂದು ಮೇಲೆ ಮೇಲೆಯೇ ಹಾದುಹೋಗಿರಬಹುದು. ಆದ್ದರಿಂದ ಆಳವನ್ನು ಕಣ್ಣಂದಾಜಿಗೆ ಬಿಡದೆ, ಅಂಗಾಂಶ ಎಷ್ಟು ಒಳಗೆ ಬಂದಿದೆ ಎಂಬುದನ್ನು ತಿಳಿಸುವ ಗುರುತೋ ತಡೆಯೋ ಸಾಧನದಲ್ಲೇ ಇರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಬಾಗಿದ ಸೂಜಿಗೆ ಇನ್ನೊಂದು ಶಿಸ್ತು ಇದೆ: ಅದು ತನ್ನದೇ ಕಮಾನಿನ ಮೇಲೆ ಮಾತ್ರ ಸಾಗಬೇಕು. ತೋಳಿನ ಕೀಲು ಸಡಿಲವಾಗಿದ್ದು ಸೂಜಿ ತನ್ನ ಹಾದಿಯಿಂದ ಅರ್ಧ ಮಿ.ಮೀ. ಪಕ್ಕಕ್ಕೆ ಸರಿದರೂ ಚುಚ್ಚುವ ಬದಲು ಸೀಳತೊಡಗುತ್ತದೆ. ಸೂಜಿಯನ್ನು ತೆಳುವಾಗಿಸಿದರೆ ಗಾಯ ಚಿಕ್ಕದಾಗುತ್ತದೆ ನಿಜ, ಆದರೆ ಬಾಗುವಿಕೆಯನ್ನು ತಡೆಯುವ ಗಡಸುತನ ವ್ಯಾಸದ ನಾಲ್ಕನೇ ಘಾತಕ್ಕೆ ಅನುಗುಣವಾಗಿರುವುದರಿಂದ, 0.8 ಮಿ.ಮೀ. ಸೂಜಿಯನ್ನು 0.6 ಮಿ.ಮೀ.ಗೆ ಇಳಿಸಿದ ಮಾತ್ರಕ್ಕೆ ಗಡಸುತನ ಮೂರನೇ ಒಂದು ಭಾಗಕ್ಕಿಂತ ಕೆಳಗೆ ಕುಸಿಯುತ್ತದೆ.

ಸೂಜಿಯ ಕೈಬದಲಾವಣೆಯಲ್ಲಿ ಏನನ್ನು ಗಮನಿಸಬೇಕು?

ತೋಳಿನಿಂದ ಕ್ಯಾತಿಟರಿಗೆ, ಮತ್ತೆ ಕ್ಯಾತಿಟರಿನಿಂದ ತೋಳಿಗೆ ಸೂಜಿಮೊನೆ ಹೋಗಿ ಬರುವುದರಿಂದಲೇ ಎಂಡೋಸ್ಕೋಪನ್ನು ಹೊರತೆಗೆಯದೆ ಸಾಲು ಹೊಲಿಗೆ ಹಾಕಲು ಆಗುತ್ತದೆ. ಈ ಕೈಬದಲಾವಣೆಯಲ್ಲಿ ಎರಡು ಬೀಗಗಳಿರುತ್ತವೆ, ಮತ್ತು ಎರಡೂ ಏಕಕಾಲಕ್ಕೆ ತೆರೆದಿರುವ ಕ್ಷಣ ಒಂದೂ ಇರಬಾರದು. ಹಿಡಿಯುವವನು ಹಿಡಿದಾದ ಮೇಲೆಯೇ ಕೊಡುವವನು ಬಿಡಬೇಕು. ಇದನ್ನು ಬಳಸುವವರ ಎಚ್ಚರಿಕೆಗೆ ಬಿಡದೆ ಯಂತ್ರದ ಜೋಡಣೆಯಲ್ಲೇ ಕಟ್ಟಿಹಾಕಬೇಕು. ಲೋಳೆ, ರಕ್ತ ಮತ್ತು ಸುಟ್ಟ ಅಂಗಾಂಶದ ಚೂರುಗಳು ಬೀಗದ ಸಂದಿಯಲ್ಲಿ ಸೇರಿಕೊಂಡಾಗಲೂ ಹಿಡಿತ ಸರಿಯಾಗಿ ಕೂರುವುದೇ ಎಂಬುದನ್ನು ಒಣ ಮೇಜಿನ ಮೇಲೆ ಪರೀಕ್ಷಿಸಿ ತೃಪ್ತರಾಗಬಾರದು.

ಅಂಗಾಂಶವನ್ನು ಸೂಜಿಯ ಬಳಿಗೆ ತರುವುದು ಹೇಗೆ?

ಹೀರುವುದು, ಇಕ್ಕಳದಿಂದ ಹಿಡಿದು ಎಳೆಯುವುದು, ಬಿರಡೆ ತೆಗೆಯುವ ಸುರುಳಿಯಂಥ ತಿರುಪನ್ನು ಗೋಡೆಯೊಳಗೆ ತಿರುಗಿಸಿ ಎಳೆದುಕೊಳ್ಳುವುದು ಎಂಬ ಮೂರು ದಾರಿಗಳಿವೆ. ಹೀರುವಿಕೆ ಸರಳ, ಆದರೆ ತೂತು ಇರುವಲ್ಲಿ ಗಾಳಿಯೂ ಸೋರುವುದರಿಂದ ಅದರ ಬಲ ನಂಬಲಾರದ್ದು. ಇಕ್ಕಳ ಹೆಚ್ಚಾಗಿ ಲೋಳೆಪೊರೆಯನ್ನಷ್ಟೇ ಹಿಡಿಯುತ್ತದೆ, ಕೆಳಗಿನ ಸ್ನಾಯು ಜಾರಿ ಹಿಂದುಳಿಯುತ್ತದೆ. ಸುರುಳಿ ತಿರುಪು ಪೂರ್ತಿ ದಪ್ಪವನ್ನು ಎಳೆಯಬಲ್ಲದು. ಅದರ ಶಕ್ತಿಯೇ ಅದರ ಅಪಾಯವೂ ಹೌದು, ಏಕೆಂದರೆ ಗೋಡೆಯ ಆಚೆಗಿರುವ ಪಿತ್ತಕೋಶವೋ ಪಕ್ಕದ ಕರುಳಿನ ಮಡಿಕೆಯೋ ಅದರ ಜೊತೆಗೇ ಬಂದು ಹೊಲಿಗೆಯಲ್ಲಿ ಸಿಕ್ಕಿಕೊಳ್ಳಬಹುದು. ತಿರುಪು ಎಷ್ಟು ಸುತ್ತು ಹೋಯಿತು ಎಂಬುದನ್ನು ಎಣಿಸಲು ಬರುವ ಹಿಡಿ, ಮತ್ತು ಇಷ್ಟರಾಚೆಗೆ ಇಳಿಯಲಾರದ ಸುರುಳಿಯ ಉದ್ದ, ಈ ಎರಡನ್ನೂ ವಿನ್ಯಾಸದಲ್ಲಿ ಮೊದಲೇ ನಿಗದಿ ಮಾಡುವುದು ಕ್ಷೇಮ.

ಎಳೆಯುವ ದಿಕ್ಕೂ ಮುಖ್ಯ. ಅಂಚುಗಳನ್ನು ಒಳಗಡೆಗೆ, ಅಂದರೆ ನಾಳದ ಟೊಳ್ಳಿನ ಕಡೆಗೆ ಎತ್ತಿ ಹೊಲಿದರೆ ಹೊರಗಿನ ಸೀರೋಸಾ ಮುಖಗಳು ಒಂದಕ್ಕೊಂದು ತಾಗುತ್ತವೆ, ಲಾಂಬೇರ್ ಹೇಳಿದ್ದು ಒಳಗಿನಿಂದಲೇ ಕೈಗೂಡುತ್ತದೆ.

ಹಿಡಿಯಲ್ಲಿ ಒತ್ತಿದ ಬಲ ತುದಿಯವರೆಗೆ ತಲುಪುತ್ತದೆಯೇ?

ಪೂರ್ತಿಯಾಗಿ ತಲುಪುವುದಿಲ್ಲ, ಮತ್ತು ಎಷ್ಟು ಕಳೆದುಹೋಗುತ್ತದೆ ಎಂಬುದು ಎಂಡೋಸ್ಕೋಪ್ ಎಷ್ಟು ಬಾಗಿದೆ ಎಂಬುದರ ಮೇಲೆ ನಿಂತಿದೆ. ಕವಚದೊಳಗೆ ಎಳೆಯುವ ತಂತಿ ಪ್ರತಿ ತಿರುವಿನಲ್ಲೂ ಒಳಗೋಡೆಗೆ ಉಜ್ಜುತ್ತದೆ. ತುದಿಗೆ ಉಳಿಯುವ ಬಲ ತಿರುವುಗಳ ತ್ರಿಜ್ಯವನ್ನು ಅವಲಂಬಿಸದೆ, ಒಟ್ಟು ಬಾಗಿದ ಕೋನ ಹೆಚ್ಚಿದಂತೆ ಘಾತೀಯವಾಗಿ ಇಳಿಯುತ್ತದೆ. ಘರ್ಷಣಾಂಕ 0.15 ಎಂದಿಟ್ಟುಕೊಂಡರೆ, ಎಲ್ಲ ತಿರುವುಗಳೂ ಸೇರಿ 360 ಡಿಗ್ರಿ ಆದಾಗ ಹಿಡಿಯಲ್ಲಿ ಎಳೆದ 10 ನ್ಯೂಟನ್ ಬಲದಲ್ಲಿ ತುದಿಗೆ ಉಳಿಯುವುದು ಸುಮಾರು 3.9 ನ್ಯೂಟನ್. ದೊಡ್ಡ ಕರುಳಿನಲ್ಲಿ ಒಂದು ಕುಣಿಕೆ ಬಿದ್ದು, ಮೇಲಾಗಿ ತುದಿಯನ್ನೂ ಹಿಂದಕ್ಕೆ ತಿರುಗಿಸಿ ಒಟ್ಟು 540 ಡಿಗ್ರಿ ಆದರೆ ಅದು 2.4 ನ್ಯೂಟನ್‌ಗೆ ಇಳಿಯುತ್ತದೆ. ಮೇಜಿನ ಮೇಲೆ ನೆಟ್ಟಗೆ ಮಲಗಿಸಿದ ಸಾಧನದಲ್ಲಿ ಸರಾಗವಾಗಿ ಚುಚ್ಚುವ ಸೂಜಿ, ರೋಗಿಯ ಒಳಗೆ ಅರ್ಧದಲ್ಲೇ ನಿಂತುಬಿಡುವುದು ಈ ಕಾರಣದಿಂದ.

ಬಲದ ಜೊತೆಗೆ ಚಲನೆಯೂ ಸೋರಿಹೋಗುತ್ತದೆ. 0.5 ಮಿ.ಮೀ. ದಪ್ಪದ, 1.6 ಮೀಟರ್ ಉದ್ದದ ಉಕ್ಕಿನ ತಂತಿ 20 ನ್ಯೂಟನ್ ಎಳೆತಕ್ಕೆ ಸುಮಾರು 0.9 ಮಿ.ಮೀ. ಹಿಗ್ಗುತ್ತದೆ, ಕವಚ ಕುಗ್ಗುವುದು ಇದರ ಮೇಲೆ ಬೇರೆ. ಸೂಜಿತೋಳನ್ನು ಪೂರ್ತಿ ಮುಚ್ಚಲು ತಂತಿ 4 ಮಿ.ಮೀ. ಸರಿಯಬೇಕಾಗಿದ್ದರೆ, ಅದರ ಕಾಲುಭಾಗ ದಾರಿಯಲ್ಲೇ ಕರಗಿದಂತಾಯಿತು. ಫ್ಲೂರೋಪಾಲಿಮರ್ ಲೇಪನದಿಂದ ಘರ್ಷಣೆಯನ್ನು ತಗ್ಗಿಸುವುದು, ತುದಿಯಲ್ಲೇ ಸನ್ನೆಯನ್ನಿಟ್ಟು ಚಿಕ್ಕ ಬಲವನ್ನು ಹಿಗ್ಗಿಸುವುದು, ಹಿಡಿಯಲ್ಲಿ ಅಗತ್ಯಕ್ಕಿಂತ ಹೆಚ್ಚು ಚಲನೆಯನ್ನು ಇಟ್ಟು ತುದಿಯಲ್ಲಿ ಗಟ್ಟಿಯಾದ ತಡೆ ಕೊಡುವುದು ಇವು ಸಾಮಾನ್ಯ ಪರಿಹಾರಗಳು. ಹೆಚ್ಚು ಬಲ ಹಾಕಲು ಬಳಸುವವರಿಗೆ ಹೇಳುವುದು ಪರಿಹಾರವಾಗಲಾರದು. ತಂತಿ ಹಠಾತ್ತನೆ ಜಾರಿದಾಗ ಸೂಜಿ ಲೆಕ್ಕವಿಲ್ಲದ ವೇಗದಲ್ಲಿ ಮುನ್ನುಗ್ಗುತ್ತದೆ.

ಸಾಧನ ಎಷ್ಟು ದಪ್ಪವಿರಬಹುದು?

ಸಾಮಾನ್ಯ ಗ್ಯಾಸ್ಟ್ರೋಸ್ಕೋಪಿನ (ಜಠರ ನೋಡುವ ಎಂಡೋಸ್ಕೋಪಿನ) ಹೊರವ್ಯಾಸ 9ರಿಂದ 10 ಮಿ.ಮೀ., ಅದರ ಚಾನೆಲ್ 2.8 ಮಿ.ಮೀ. ಚಿಕಿತ್ಸೆಗೆಂದೇ ಇರುವವುಗಳಲ್ಲಿ ಚಾನೆಲ್ 3.7 ಅಥವಾ 3.8 ಮಿ.ಮೀ. ಇರುತ್ತದೆ. ಎರಡು ಚಾನೆಲ್‌ಗಳ ಎಂಡೋಸ್ಕೋಪ್ ತಾನೇ 12 ಮಿ.ಮೀ. ದಾಟುತ್ತದೆ, ಅದರ ತುದಿಗೆ ಹೊಲಿಗೆಯ ಟೊಪ್ಪಿ ಸೇರಿದರೆ ಗಂಟಲಿನ ಕೆಳಗಿನ ಬಿಗಿಯಾದ ಜಾಗವನ್ನು ದಾಟಿಸಲು ಓವರ್‌ಟ್ಯೂಬ್ ಎಂಬ ಹೊರನಳಿಗೆ ಬೇಕಾಗುತ್ತದೆ. ಟೊಪ್ಪಿಯ ಗಡುಸು ಭಾಗದ ಉದ್ದವೂ ದಪ್ಪದಷ್ಟೇ ಮುಖ್ಯ: ಬಾಗದ ಭಾಗ ಉದ್ದವಾದಷ್ಟೂ ತಿರುವುಗಳಲ್ಲಿ ಅದು ಗೋಡೆಗೆ ತಿವಿಯುತ್ತದೆ.

ದೊಡ್ಡ ಕರುಳಿನ ಬಲಭಾಗಕ್ಕೆ ಇಷ್ಟು ಭಾರದ ತುದಿಯನ್ನು ಕೊಂಡೊಯ್ಯುವುದು ಬಹಳ ಕಷ್ಟ. ಚಾನೆಲ್ ಮೂಲಕವೇ ಸಾಗುವ ಬೇರೆ ಬಗೆಯ ಸಾಧನಗಳು ಹುಟ್ಟಿಕೊಂಡದ್ದು ಈ ಕೊರತೆಯಿಂದ. ಅಮೆರಿಕದಲ್ಲಿ 2020ರ ಕೊನೆಯಲ್ಲಿ ಅನುಮತಿ ಪಡೆದ ಎಕ್ಸ್-ಟ್ಯಾಕ್ ವ್ಯವಸ್ಥೆಯಲ್ಲಿ ನಾಲ್ಕು ಪುಟ್ಟ ಸುರುಳಿ ಮೊಳೆಗಳು ಒಂದೇ 3-0 (ನೂಲಿನ ದಪ್ಪದ ಅಳತೆ) ಪಾಲಿಪ್ರೊಪಿಲೀನ್ ನೂಲಿನಲ್ಲಿ ಪೋಣಿಸಿಕೊಂಡಿರುತ್ತವೆ. ಅವುಗಳನ್ನು ಗಾಯದ ಸುತ್ತ ಒಂದೊಂದಾಗಿ ತಿರುಗಿಸಿ ಕೂರಿಸಿ ನೂಲನ್ನು ಎಳೆದರೆ, ಲಾಡಿ ಎಳೆದ ಚೀಲದ ಬಾಯಿಯಂತೆ ಗಾಯ ಕೂಡಿಕೊಳ್ಳುತ್ತದೆ. ಬಾಗಿದ ಸೂಜಿಯಷ್ಟು ಆಳದ ಹಿಡಿತ ಇದಕ್ಕೆ ಇಲ್ಲ, ಆದರೆ ಅದು ಹೋಗಲಾರದ ಕಡೆಗೆ ಇದು ಹೋಗುತ್ತದೆ. ಒಂದೇ ಸಾಧನ ಎಲ್ಲ ಜಾಗಕ್ಕೂ ಆಗಬೇಕೆಂಬ ಹಟವನ್ನು ಬಿಡುವುದು ವಿನ್ಯಾಸಕ್ಕೆ ಒಳ್ಳೆಯದೆಂದು ನಾನು ನಂಬಿದ್ದೇನೆ.

ಒಳಗೆ ಗಂಟು ಹಾಕುವುದು ಹೇಗೆ?

ಬಹುತೇಕ ಸಾಧನಗಳಲ್ಲಿ ಗಂಟನ್ನೇ ಹಾಕುವುದಿಲ್ಲ. ಸಿಂಚ್ ಎಂಬ ಪುಟ್ಟ ಬಿಗಿತುಣುಕು ನೂಲಿನ ಮೇಲೆ ಜಾರಿ ಬಂದು, ಬೇಕಾದ ಬಿಗಿಯಲ್ಲಿ ಕಚ್ಚಿಕೊಂಡು ಉಳಿದ ನೂಲನ್ನು ಕತ್ತರಿಸುತ್ತದೆ. ಮೈಮೇಲೆ ಮುಳ್ಳುಗಳಿರುವ ನೂಲು ಇನ್ನೊಂದು ದಾರಿ. ಅದು ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಜಪಾನಿನಲ್ಲಿ ಬಾಗುವ ಸೂಜಿಹಿಡಿಕೆಯಿಂದ ಇಂಥ ನೂಲನ್ನು ಬಳಸಿ ಕೈಹೊಲಿಗೆಯನ್ನೇ ಹೋಲುವ ವಿಧಾನವೊಂದನ್ನು ಬೆಳೆಸಿದ್ದಾರೆ.

ಬಿಗಿತವನ್ನು ಅಳೆಯುವುದೇ ಇಲ್ಲಿನ ತೊಡಕು. ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಬೆರಳಿಗೆ ತಿಳಿಯುವುದು ಇಲ್ಲಿ ತಿಳಿಯುವುದಿಲ್ಲ, ಘರ್ಷಣೆ ಅದನ್ನು ನುಂಗಿಹಾಕುತ್ತದೆ. ಸಡಿಲವಾದರೆ ಸೋರುತ್ತದೆ, ಅತಿಯಾಗಿ ಬಿಗಿದರೆ ಅಂಚಿಗೆ ರಕ್ತ ಹರಿಯದೆ ಅಂಗಾಂಶ ಸಾಯುತ್ತದೆ, ಕೆಲವು ದಿನಗಳಲ್ಲಿ ನೂಲು ಅದನ್ನು ಸೀಳಿಕೊಂಡು ಹೊರಬರುತ್ತದೆ. ನಿಗದಿತ ಎಳೆತ ಮೀರಿದೊಡನೆ ಜಾರಿಬಿಡುವ ಸ್ಪ್ರಿಂಗ್ ಹಿಡಿಕೆಯಲ್ಲಿದ್ದರೆ ಎರಡನೆಯ ತಪ್ಪನ್ನಾದರೂ ತಡೆಯಬಹುದು.

ಯಾವ ನೂಲನ್ನು ಆರಿಸಬೇಕು?

ಕರಗದ ನೂಲುಗಳಲ್ಲಿ ಪಾಲಿಪ್ರೊಪಿಲೀನ್, ಕರಗುವವುಗಳಲ್ಲಿ ಪಾಲಿಡಯಾಕ್ಸನೋನ್ ಹೆಚ್ಚು ಬಳಕೆಯಲ್ಲಿವೆ. ಎರಡನೆಯದು ವಾರಗಳ ಕಾಲ ಬಲವನ್ನು ಉಳಿಸಿಕೊಂಡು, ಸುಮಾರು ಆರು ತಿಂಗಳಲ್ಲಿ ಪೂರ್ತಿ ಕರಗುತ್ತದೆ. ಹೊಸ ತೂತಿಗೆ ಇದು ಸಾಕು, ಏಕೆಂದರೆ ಗಾಯ ತೀರ ದುರ್ಬಲವಾಗಿರುವುದು ಮೊದಲ ಕೆಲವು ದಿನಗಳಲ್ಲಿ. ಆಗ ಹಳೆಯ ಕೊಲ್ಯಾಜನ್ ಕರಗುತ್ತಿರುತ್ತದೆ, ಹೊಸದು ಇನ್ನೂ ಕೂಡಿರುವುದಿಲ್ಲ. 3-0 ನೂಲಿನ ವ್ಯಾಸ ಸುಮಾರು 0.2 ಮಿ.ಮೀ., 2-0ದ್ದು ಸುಮಾರು 0.3 ಮಿ.ಮೀ. ತೆಳು ನೂಲು ಸಲೀಸಾಗಿ ಜಾರುತ್ತದೆ, ಆದರೆ ಎಳೆತ ಹೆಚ್ಚಾದಾಗ ಅಂಗಾಂಶವನ್ನು ಕೊಯ್ಯುವುದೂ ಅದೇ.

ಹೊಲಿಗೆ ಎಷ್ಟು ಬಲವನ್ನು ತಾಳಬೇಕು?

ಸಿಲಿಂಡರಿನಂಥ ನಾಳದಲ್ಲಿ ಗೋಡೆಯ ಎಳೆತ ಒತ್ತಡ ಮತ್ತು ತ್ರಿಜ್ಯಗಳ ಗುಣಲಬ್ಧ. ಗೋಡೆಯ ಒಳಹೊರಗಿನ ಒತ್ತಡದ ವ್ಯತ್ಯಾಸ 50 ಮಿ.ಮೀ. ಪಾದರಸ, ತ್ರಿಜ್ಯ 4 ಸೆಂ.ಮೀ. ಎಂದಿಟ್ಟುಕೊಂಡರೆ ಉದ್ದುದ್ದ ಸೀಳಿನ ಪ್ರತಿ ಸೆಂ.ಮೀ.ಗೆ ಸುಮಾರು 2.7 ನ್ಯೂಟನ್ ಎಳೆತ ಬೀಳುತ್ತದೆ. ಹೊಲಿಗೆಗಳು 1 ಸೆಂ.ಮೀ. ದೂರವಿದ್ದರೆ ಒಂದೊಂದೂ ಅಷ್ಟನ್ನು ಹೊರಬೇಕು, ಅರ್ಧ ಸೆಂ.ಮೀ.ಗೆ ಒಂದಿದ್ದರೆ ಅದರ ಅರ್ಧ. 3-0 ನೂಲು ಇದರ ಹಲವು ಪಟ್ಟು ಎಳೆತವನ್ನು ತಾಳುತ್ತದೆ. ಸೋಲುವುದು ನೂಲಲ್ಲ, ಅದು ಹಾದುಹೋದ ಅಂಗಾಂಶ. ಹಾಗಾಗಿ ಹೆಚ್ಚು ಬಲವಾದ ನೂಲನ್ನು ಹುಡುಕುವುದಕ್ಕಿಂತ ಅಂಚಿನಿಂದ ಸಾಕಷ್ಟು ದೂರದಲ್ಲಿ, ಸಾಕಷ್ಟು ಆಳದಲ್ಲಿ ಕಚ್ಚುವಂತೆ ಮಾಡುವುದರಲ್ಲೇ ಲಾಭವಿದೆ.

ಕೆಮ್ಮಿದಾಗ ಹೊಟ್ಟೆಯೊಳಗಿನ ಒತ್ತಡ 100 ಮಿ.ಮೀ. ಪಾದರಸದ ಆಸುಪಾಸಿಗೆ ಏರಬಹುದು ಎಂಬ ಸಂಖ್ಯೆಯನ್ನು ನೇರವಾಗಿ ಈ ಲೆಕ್ಕಕ್ಕೆ ತರಬಾರದು. ಕೆಮ್ಮು ಜಠರದ ಒಳಗಿನ ಒತ್ತಡವನ್ನೂ ಹೊರಗಿನದನ್ನೂ ಒಟ್ಟಿಗೆ ಏರಿಸುತ್ತದೆ, ಹೊಲಿಗೆಯ ಪಾಲಿಗೆ ಬರುವುದು ಅವುಗಳ ವ್ಯತ್ಯಾಸ ಮಾತ್ರ. ಅನ್ನನಾಳದ ಎದೆಯೊಳಗಿನ ಭಾಗದಲ್ಲಿ ವಾಂತಿಯ ಹೊತ್ತಿಗೆ ಈ ವ್ಯತ್ಯಾಸ ಬಹಳ ದೊಡ್ಡದಾಗುತ್ತದೆ.

ಪ್ರತಿಯೊಂದು ಗಾಯವನ್ನೂ ಮುಚ್ಚಲೇಬೇಕೇ?

ಇಲ್ಲ. ದೊಡ್ಡ ಕರುಳಿನಲ್ಲಿ 2 ಸೆಂ.ಮೀ. ಅಥವಾ ಅದಕ್ಕಿಂತ ದೊಡ್ಡ ಪಾಲಿಪ್ (ಒಳಗೋಡೆಯಲ್ಲಿ ಬೆಳೆದ ಗಂಟು) ತೆಗೆದ ಗಾಯವನ್ನು ಕ್ಲಿಪ್‌ಗಳಿಂದ ಮುಚ್ಚುವ ಬಗ್ಗೆ 2019ರಲ್ಲಿ ಪ್ರಕಟವಾದ ಯಾದೃಚ್ಛಿಕ ಪ್ರಯೋಗವೊಂದರಲ್ಲಿ ತಡವಾದ ರಕ್ತಸ್ರಾವ 7.1%ನಿಂದ 3.5%ಗೆ ಇಳಿಯಿತು, ಆದರೆ ಆ ಪ್ರಯೋಜನ ಕಂಡದ್ದು ದೊಡ್ಡ ಕರುಳಿನ ಆರಂಭದ ಕಡೆಯ ಭಾಗದ ಗಾಯಗಳಲ್ಲಿ. ಹಳೆಯ ಫಿಸ್ಟುಲಾದ ವಿಷಯ ಇನ್ನೂ ಬೇರೆ: ಒಳಪದರ ಬೆಳೆದುಬಿಟ್ಟ ದಾರಿಯನ್ನು ಕೆರೆದು ಅಥವಾ ಸುಟ್ಟು ತಾಜಾ ಮಾಡದೆ ಹೊಲಿದರೆ ಅದು ಕೂಡಿಕೊಳ್ಳುವುದಿಲ್ಲ, ಮಾಡಿದರೂ ಫಲಿತಾಂಶ ಹೊಸ ತೂತಿನಷ್ಟು ಚೆನ್ನಾಗಿರುವುದಿಲ್ಲ. ಆಚೆ ಕೀವು ತುಂಬಿದ ಕುಹರವಿದ್ದರೆ ಮೊದಲು ಅದು ಬರಿದಾಗಬೇಕು. ಕೀವಿನ ಮೇಲೆ ಬಾಗಿಲು ಹಾಕುವುದು ರೋಗಿಗೆ ಅಪಾಯ.

ಬಳಸುವ ಕೋಣೆಯಲ್ಲಿ ಸಾಧನ ಎದುರಿಸುವ ತೊಂದರೆಗಳು ಯಾವುವು?

ತೂತು ಬಿದ್ದೊಡನೆ ಒಳಗೆ ತುಂಬಿದ ಅನಿಲ ಹೊರಗೆ ಹರಿದು ನಾಳ ಕುಗ್ಗುತ್ತದೆ, ಅಂದರೆ ಸಾಧನ ಬೇಕಾಗುವ ಹೊತ್ತಿನಲ್ಲೇ ನೋಟವೂ ಜಾಗವೂ ಕಡಿಮೆಯಾಗುತ್ತವೆ. ಹೀಗೆ ಹೊರಗೆ ಹರಿದ ಅನಿಲ ಹೊಟ್ಟೆಯ ಕುಹರದಲ್ಲಿ ಉಳಿಯದಿರಲೆಂದು, ಗಾಳಿಯ ಬದಲು ಬೇಗನೆ ಹೀರಿಹೋಗುವ ಇಂಗಾಲದ ಡೈ ಆಕ್ಸೈಡ್ ಬಳಸುವುದು ರೂಢಿಯಾಗಿದೆ. ಚಾನೆಲ್‌ನಲ್ಲಿ ಕ್ಯಾತಿಟರ್ ಇರುವಾಗ ರಕ್ತವನ್ನು ಹೀರಿ ತೆಗೆಯುವ ಶಕ್ತಿಯೂ ಕುಂದುತ್ತದೆ, ಸೂಜಿತೋಳು ಕ್ಯಾಮೆರಾದ ಒಂದು ಮೂಲೆಯನ್ನು ಮರೆಮಾಡುತ್ತದೆ, ಹೊಳೆಯುವ ಲೋಹ ಬೆಳಕನ್ನು ಹಿಂದಕ್ಕೆ ಎರಚುತ್ತದೆ. ತೋಳಿಗೆ ಮಬ್ಬು ಲೇಪನ ಕೊಡುವಂಥ ಚಿಕ್ಕ ನಿರ್ಧಾರಕ್ಕೆ ಬಳಸುವವರು ಬಹಳ ಕೃತಜ್ಞರಾಗಿರುತ್ತಾರೆ.

ವೈದ್ಯರ ಎಡಗೈ ಎಂಡೋಸ್ಕೋಪಿನ ಚಕ್ರಗಳ ಮೇಲಿರುತ್ತದೆ, ಬಲಗೈ ಅದರ ಕೊಳವೆಯನ್ನು ಹಿಡಿದಿರುತ್ತದೆ. ಹಿಡಿಕೆಯನ್ನು ಒತ್ತುವವರು, ನೂಲನ್ನು ನೋಡಿಕೊಳ್ಳುವವರು ಹೆಚ್ಚಾಗಿ ಪಕ್ಕದಲ್ಲಿ ನಿಂತ ನರ್ಸ್. ಆದ್ದರಿಂದ ಬಳಕೆಯ ಪರೀಕ್ಷೆಯನ್ನು ಇಬ್ಬರ ಜೋಡಿಯ ಮೇಲೆ ಮಾಡಬೇಕು, ಮತ್ತು ಸೂಜಿ ಯಾರ ಬಳಿ ಇದೆ ಎಂಬುದು ಪರದೆಯನ್ನು ನೋಡದೆಯೂ ಹಿಡಿಕೆಯಿಂದಲೇ ತಿಳಿಯುವಂತಿರಬೇಕು.

ಪರೀಕ್ಷೆಗಳನ್ನು ಯಾವ ಕ್ರಮದಲ್ಲಿ ಮಾಡಬೇಕು?

ಮೊದಲು ಬಾಗಿಸಿದ ಕೊಳವೆಗಳಲ್ಲಿ ಬಲ ಮತ್ತು ಚಲನೆಯ ಅಳತೆ, ಆಮೇಲೆ ದೇಹದಿಂದ ತೆಗೆದ ಹಂದಿಯ ಜಠರ, ಅದರ ನಂತರ ಜೀವಂತ ಪ್ರಾಣಿ. ತೆಗೆದ ಜಠರದಲ್ಲಿ ಹೊಲಿಗೆ ಹಾಕಿ ಗಾಳಿ ತುಂಬಿ, ಯಾವ ಒತ್ತಡದಲ್ಲಿ ಸೋರುತ್ತದೆ ಎಂದು ನೋಡುವುದು ರೂಢಿ. ಒತ್ತಡದ ಸಂಖ್ಯೆಯನ್ನು ಮಾತ್ರ ಬರೆದಿಟ್ಟರೆ ಸಾಲದು; ಆಮೇಲೆ ಹೊಲಿಗೆಯ ಜಾಗವನ್ನು ಅಡ್ಡಕೊಯ್ದು, ನೂಲು ಯಾವ ಪದರಗಳನ್ನು ಹಾದಿದೆ ಎಂದು ಪ್ರತಿ ಹೊಲಿಗೆಗೂ ದಾಖಲಿಸಬೇಕು. ಮೊದಲ ದಿನದ ಸೋರಿಕೆ ಪರೀಕ್ಷೆಯಲ್ಲಿ ಮೇಲುಮೇಲಿನ ಹೊಲಿಗೆಯೂ ತೇರ್ಗಡೆಯಾಗಿಬಿಡಬಹುದು, ಅಡ್ಡಕೊಯ್ತದಲ್ಲಿ ಅದು ತಪ್ಪಿಸಿಕೊಳ್ಳಲಾರದು. ಸತ್ತ ಅಂಗಾಂಶ ರಕ್ತ ಸುರಿಸುವುದಿಲ್ಲ, ಊದಿಕೊಳ್ಳುವುದಿಲ್ಲ, ಅಲುಗುವುದಿಲ್ಲ ಎಂಬುದೂ, ಹಂದಿಯ ದೊಡ್ಡ ಕರುಳು ಸುರುಳಿಯಾಗಿ ಸುತ್ತಿಕೊಂಡಿರುವುದರಿಂದ ಮನುಷ್ಯರಲ್ಲಿನ ಹಾದಿಗೆ ಅದು ಸರಿಯಾದ ಮಾದರಿಯಲ್ಲ ಎಂಬುದೂ ಗಮನದಲ್ಲಿರಲಿ.

ಕ್ರಿಮಿಶುದ್ಧೀಕರಣ ಮತ್ತು ಮಾನದಂಡಗಳ ವಿಷಯವೇನು?

ಅಪಾಯ ನಿರ್ವಹಣೆಗೆ ಐಎಸ್‌ಒ 14971, ಗುಣಮಟ್ಟ ವ್ಯವಸ್ಥೆಗೆ ಐಎಸ್‌ಒ 13485, ದೇಹದೊಂದಿಗಿನ ಹೊಂದಾಣಿಕೆಗೆ ಐಎಸ್‌ಒ 10993, ಬಳಕೆಯ ಪರೀಕ್ಷೆಗೆ ಐಇಸಿ 62366-1 ಅನ್ವಯಿಸುತ್ತವೆ. ಪಾಲಿಪ್ರೊಪಿಲೀನ್ ಗಾಮಾ ವಿಕಿರಣಕ್ಕೆ ಸಿಕ್ಕರೆ ಪೆಡಸಾಗುವುದರಿಂದ ಅಂಥ ನೂಲಿರುವ ಸಾಧನಕ್ಕೆ ಎಥಿಲೀನ್ ಆಕ್ಸೈಡ್ ಸೂಕ್ತ. ಒಳಗೇ ಉಳಿಯುವ ಲೋಹದ ಭಾಗಗಳಿದ್ದರೆ ಎಂಆರ್‌ಐ ಸುರಕ್ಷತೆಯನ್ನೂ, ನಿಟಿನಾಲ್ ಆಗಿದ್ದರೆ ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚಿರುವ ನಿಕ್ಕಲ್ ಹೊರಸೋರುವುದನ್ನೂ ಪರೀಕ್ಷಿಸಬೇಕು.

ಹೊಲಿಗೆ ಅರ್ಧದಲ್ಲಿ ಕೆಟ್ಟರೆ ಹಿಂದಕ್ಕೆ ಬರುವ ದಾರಿ ಇರಬೇಕೇ?

ಇರಲೇಬೇಕು, ಮತ್ತು ಅದನ್ನು ಮೊದಲ ನಕ್ಷೆಯಲ್ಲೇ ಬರೆದಿಡಬೇಕು. ತಂತಿ ತುಂಡಾದರೆ ಸೂಜಿತೋಳು ತೆರೆದೇ ಉಳಿದು ಎಂಡೋಸ್ಕೋಪನ್ನು ಹೊರತೆಗೆಯುವಾಗ ಅನ್ನನಾಳವನ್ನು ಗೀರಬಾರದು. ಆದ್ದರಿಂದ ಬಲ ತಪ್ಪಿದಾಗ ತೋಳು ತಾನಾಗಿ ಮುಚ್ಚುವ ಕಡೆಗೆ ಸ್ಪ್ರಿಂಗ್ ಎಳೆಯುವಂತೆ ಇಡುವುದು ಲೇಸು. ತೋಳು ಅಂಗಾಂಶದೊಳಗೆ ಇರುವಾಗಲೇ ಸಿಕ್ಕಿಕೊಂಡರೆ ಇದೇ ಸ್ಪ್ರಿಂಗ್ ಅಡ್ಡಿಯಾಗುತ್ತದೆ, ಹಾಗಾಗಿ ಹಿಡಿಕೆಯಿಂದ ಅದನ್ನು ಬಿಡಿಸುವ ಪ್ರತ್ಯೇಕ ಕೀಲೂ ಬೇಕು. ಸೂಜಿಮೊನೆ ಕಳಚಿ ಬಿದ್ದರೆ ಅದು ನೂಲಿಗೆ ಕಟ್ಟಿಕೊಂಡೇ ಇರಬೇಕು, ಎಕ್ಸ್-ರೇಯಲ್ಲಿ ಕಾಣಬೇಕು. ತಪ್ಪು ಜಾಗದಲ್ಲಿ ಬಿದ್ದ ಹೊಲಿಗೆಯನ್ನು ಸಿಂಚ್ ಕಚ್ಚುವ ಮೊದಲು ಕತ್ತರಿಸಿ ಎಳೆದು ತೆಗೆಯಲು ಬರುವಂತೆ ನೂಲಿನ ಎರಡೂ ತುದಿಗಳು ಕೊನೆಯವರೆಗೆ ಕೈಗೆ ಸಿಗುವಂತಿರಬೇಕು. ಇವೆಲ್ಲ ಮುಗಿದ ಮೇಲೂ ಗಾಯ ಮುಚ್ಚದಿದ್ದರೆ ಶಸ್ತ್ರಚಿಕಿತ್ಸಕರು ಹೊಟ್ಟೆ ತೆರೆಯಬೇಕಾಗುತ್ತದೆ. ಆಗ ಅವರ ಕೈಗೆ ಸಿಗುವ ಅಂಚುಗಳು ನಮ್ಮ ಸಾಧನದ ಪ್ರಯತ್ನಗಳಿಂದ ಹರಿದು ಚಿಂದಿಯಾಗಿರದಂತೆ, ಎಷ್ಟನೆಯ ವಿಫಲ ಚುಚ್ಚಿನ ನಂತರ ನಿಲ್ಲಿಸಬೇಕು ಎಂಬುದನ್ನು ಬಳಕೆಯ ಕೈಪಿಡಿಯಲ್ಲಿ ಸಂಖ್ಯೆಯಲ್ಲೇ ಹೇಳಿರಬೇಕು.